ಇಲ್ಲಿಂದ ಅಂದರೆ ಎಲ್ಲಿಂದ

ನಮ್ಮಕ್ಕ ಕೂತಲ್ಲಿ ಕೂರುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಮ್ಮ ಹೇಳುತ್ತಿದ್ದಳು. ಕಾಲಿಗಷ್ಟೇ ಅಲ್ಲ, ಕೈಗೂ ಏನೋ ಕಟ್ಟಿಕೊಂಡು ಬಂದಿದ್ದಾಳೆ ಎಂಬುದು ನನ್ನ ಅನುಮಾನ. ಚಿಕ್ಕಂದಿನಲ್ಲಿ ಇವಳು ಮಂಚವನ್ನು ಎಳೆದು ಕಿಟಕಿಯ ಪಕ್ಕ ಹಾಕಿದರೆ, ವಾರ ತುಂಬುವುದರೊಳಗೆ ಅದೇ ಮಂಚ ಬಾಗಿಲಿಗೆ ಅಡ್ಡ ಬಂದಿರುತ್ತಿತ್ತು. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಕೈಹಾಕಿದರೆ ಉಪ್ಪು ಸಿಗುತ್ತಿತ್ತು. "ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ ಕಣೇ" ಎಂದು ಅಮ್ಮ ಉಪ್ಪಾದ ಚಹಾ ಚೆಲ್ಲುತ್ತಾ ಬೈಯುತ್ತಿದ್ದಳು. ಬೈಸಿಕೊಳ್ಳುತ್ತಲೇ ಅಕ್ಕ ಚಮಚಗಳ ಜಾಗ ಬದಲಾಯಿಸುತ್ತಿದ್ದಳು.

ಇಂಥವಳಿಗೆ ಹುಟ್ಟಿದವಳು ಚೂಟಿ. ಶಾಲೆಯ ಹೆಸರು ಬೇರೆ ಇದೆ, ಮನೆಯಲ್ಲಿ ಚೂಟಿಯೇ. ಹುಟ್ಟುವಾಗಲೇ ಕಣ್ಣು ಕಾಣುತ್ತಿರಲಿಲ್ಲ. ಮಗು ಗೋಡೆ ಹಿಡಿದು ನಡೆಯಲು ಕಲಿತ ದಿನಗಳಲ್ಲಿ ಅಕ್ಕ ಎಂದಿನಂತೆ ಸ್ಟೂಲೊಂದನ್ನು ನಡುಮನೆಗೆ ಎಳೆದಿಟ್ಟಿದ್ದಳು. ಅಲ್ಲಿ ಏನೂ ಇಲ್ಲವೆಂದು ನಂಬಿದ್ದ ಮಗು ಧೈರ್ಯವಾಗಿ ನಡೆದು ಬಂದು ಹಣೆ ಒಡೆದುಕೊಂಡಿತು. ಆ ಕಲೆ ಈಗಲೂ ಹುಬ್ಬಿನ ಮೇಲಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಲೋಟ ಕೂಡ ತನ್ನ ಜಾಗ ಬಿಟ್ಟು ಕದಲಿಲ್ಲ. ಕುರ್ಚಿ, ಬಕೆಟ್ಟು, ಚಪ್ಪಲಿ, ಬಾಚಣಿಗೆ, ಎಲ್ಲಕ್ಕೂ ಒಂದೇ ಜಾಗ. ಅಕ್ಕನ ಕೈ ಕೆಲವೊಮ್ಮೆ ತಾನಾಗಿ ಕುರ್ಚಿಯ ಬೆನ್ನಿಗೆ ಹೋಗುತ್ತದೆ, ಅರ್ಧ ದಾರಿಯಲ್ಲೇ ನಿಂತು ಹಿಂದೆ ಬರುತ್ತದೆ. ಸಿಗರೇಟು ಬಿಟ್ಟವರನ್ನು ಎಲ್ಲರೂ ಹೊಗಳುತ್ತಾರೆ, ಇಂಥದ್ದನ್ನು ಬಿಟ್ಟವರನ್ನು ಯಾರೂ ಹೊಗಳುವುದಿಲ್ಲ.

ಮನೆಯಲ್ಲಿ ಅದುಮಿಟ್ಟ ಈ ಕೈಚಪಲವನ್ನೆಲ್ಲ ಅವಳು ಕೆಲಸದ ಜಾಗದಲ್ಲಿ ತೀರಿಸಿಕೊಳ್ಳುತ್ತಾಳೆ. ಚೂಟಿ ಓದುವ ಅಂಧರ ಶಾಲೆಗೆ ಅಂಟಿಕೊಂಡೇ ಒಂದು ಬ್ರೈಲ್ ಮುದ್ರಣಾಲಯವಿದೆ. ದಪ್ಪ ಕಾಗದದ ಮೇಲೆ ಚುಕ್ಕಿ ಒತ್ತುವ ಒಂದು ದೊಡ್ಡ ಯಂತ್ರ, ಅದರ ಗಡಗಡ ಸದ್ದಿಗೆ ಸದಾ ನಡುಗುವ ಕಿಟಕಿ ಗಾಜು, ಪಕ್ಕದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಂದು ಸರ್ವರು. ಆ ಸರ್ವರು ನೋಡಿಕೊಳ್ಳುವ ಕೆಲಸ ಅಕ್ಕನದು. ಅದರೊಳಗಿನ ಫೈಲುಗಳನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸರಿಸುತ್ತಾ ಒಪ್ಪ ಮಾಡುತ್ತಲೇ ಇರುತ್ತಾಳೆ. ಅಲ್ಲಿ ಯಾರ ಹಣೆಯೂ ಒಡೆಯುವುದಿಲ್ಲವಲ್ಲ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ಹೋದ ವರ್ಷ ಚೂಟಿ ಲೆಕ್ಕದಲ್ಲಿ ಫೇಲಾದಳು. ಇಂಥ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೈಗೆ ಕೊಡುತ್ತಿರಲಿಲ್ಲ. ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ಪ್ರಶ್ನೆ ಓದಿಸುತ್ತಿದ್ದರು. ಚೂಟಿಗೆ ಸಿಕ್ಕಿದ ಮಹಾತಾಯಿಗೆ ಮನೆಗೆ ಹೋಗುವ ಅವಸರ. ಇನ್ನೊಮ್ಮೆ ಓದಿ ಎಂದರೆ ಉಸ್ಸೆನ್ನುತ್ತಿದ್ದರಂತೆ. ಮೂರನೆಯ ಸಲ ಕೇಳಲು ಇವಳಿಗೆ ಬಾಯಿ ಬರಲಿಲ್ಲ. ಫಲಿತಾಂಶ ಬಂದ ಮೇಲೆ ಎಲ್ಲರೂ ಒಂದೊಂದು ಮಾತಾಡಿದರು. ಪ್ರಶ್ನೆ ಓದಿದವರ ತಪ್ಪು ಎಂದರು, ಮಗು ಸರಿಯಾಗಿ ಕಲಿತಿಲ್ಲ ಎಂದರು. ಯಾರದು ನಿಜವೋ ತಿಳಿಯುವ ದಾರಿಯೇ ಇರಲಿಲ್ಲ. ಫೇಲಾದದ್ದಕ್ಕಿಂತ ಆ ತಿಳಿಯದಿರುವುದೇ ಚೂಟಿಯನ್ನು ತಿಂದುಹಾಕಿತು. ವರ್ಷವಿಡೀ ಅವಳು ಲೆಕ್ಕದ ಪುಸ್ತಕವನ್ನು ಬೆರಳಿನಿಂದ ಉಜ್ಜಿ ಉಜ್ಜಿ ಚುಕ್ಕಿಗಳನ್ನೇ ಸವೆಸಿದಳು.

ಅಕ್ಕ ಪರೀಕ್ಷಾ ಕಚೇರಿಯ ಮೆಟ್ಟಿಲು ಸವೆಸಿದಳು. ಕೊನೆಗೆ ಅವರು ಒಪ್ಪಿದರು: ಈ ಸಲ ಲೆಕ್ಕದ ಪತ್ರಿಕೆಯೊಂದನ್ನು ಮಾತ್ರ ಬ್ರೈಲ್‌ನಲ್ಲೇ ಕೊಟ್ಟು ನೋಡೋಣ. ಸರಿಹೋದರೆ ಮುಂದೆ ಎಲ್ಲ ಪತ್ರಿಕೆಗಳೂ ಹಾಗೇ. ಎಡವಟ್ಟಾದರೆ ಮತ್ತೆ ಓದುವವರೇ. ಅದಕ್ಕಾಗಿ ಮುದ್ರಣಾಲಯದ ಸರ್ವರಿನಲ್ಲಿ ಹೊಸ ವೆಬ್ ಅಪ್ಲಿಕೇಶನ್ ಕೂರಿಸಬೇಕಿತ್ತು. ಪರೀಕ್ಷಾಧಿಕಾರಿ ಪತ್ರಿಕೆಯನ್ನು ತಂದು ಒಂದು ವೆಬ್ ಪುಟದಲ್ಲಿ ಹಾಕಿದರೆ ಸಾಕು, ಯಂತ್ರದಿಂದ ಚುಕ್ಕಿ ಹೊರಬರಬೇಕು. ಕೂರಿಸುವ ಕೆಲಸ ಅಕ್ಕನದು.

ಆ ಕೆಲಸದ ಬಗ್ಗೆ ನನಗೆ ಗೊತ್ತಿರುವುದು ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದಷ್ಟೇ. ವೆಬ್ ಪುಟಕ್ಕೆ ಸ್ವತಃ ಚುಕ್ಕಿಯ ಲಿಪಿ ಬರುವುದಿಲ್ಲ. ಅದು ಬರುವುದು ಲೈಬ್ರರಿ ಎನ್ನುವ ಇನ್ನೊಂದು ಫೈಲಿಗೆ. ಪುಸ್ತಕದ ಲೈಬ್ರರಿಯಲ್ಲ, ಯಂತ್ರದ ಭಾಷೆಯಲ್ಲೇ ಬರೆದಿಟ್ಟ ಒಂದು ತುಣುಕು ಪ್ರೋಗ್ರಾಮು. ಆ ಲೈಬ್ರರಿಗೆ ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂದು ಹೇಳಲು ಕೋಷ್ಟಕದ ಫೈಲುಗಳು ಬೇಕು. ಅಂದರೆ ವೆಬ್ ಅಪ್ಲಿಕೇಶನ್ನಿಗೆ ಎರಡು ದಾರಿ ತೋರಿಸಬೇಕು: ಲೈಬ್ರರಿ ಎಲ್ಲಿದೆ, ಕೋಷ್ಟಕ ಎಲ್ಲಿದೆ. ಅಕ್ಕ ಎರಡಕ್ಕೂ "ಇಲ್ಲಿಂದ ಒಂದು ಫೋಲ್ಡರ್ ಒಳಗೆ" ಎಂಬ ಅರ್ಥ ಬರುವಂತೆ ಬರೆದಿದ್ದಳು. ಹಾಗೆ ಬರೆದರೆ ಎಲ್ಲವನ್ನೂ ಒಟ್ಟಿಗೆ ಎತ್ತಿ ಎಲ್ಲಿಗೆ ಬೇಕಾದರೂ ಸರಿಸಬಹುದಂತೆ. ಸರಿಸುವವಳಿಗೆ ಹೇಳಿ ಮಾಡಿಸಿದ ಪದ್ಧತಿ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅವಳು ಹೋದ ವರ್ಷದ ಲೆಕ್ಕದ ಪತ್ರಿಕೆಯನ್ನು ಹಾಕಿ ಒತ್ತಿಸಿದಳು. ಶಾಲೆಯ ಲೆಕ್ಕದ ಮೇಷ್ಟ್ರು, ಅವರಿಗೂ ಕಣ್ಣಿಲ್ಲ, ಬೆರಳಾಡಿಸಿ ಓದಿ "ಭೇಷ್" ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಇವಳು ಬಿಡುವವಳೇ? ಪ್ರಯೋಗಕ್ಕೆಂದು ತನ್ನ ಹೆಸರಿನ ಫೋಲ್ಡರಿನಲ್ಲಿಟ್ಟಿದ್ದನ್ನೆಲ್ಲ ಒಪ್ಪವಾಗಿ ಹೊಸ ಫೋಲ್ಡರಿಗೆ ಸಾಗಿಸಿ, ಹಳೆಯದನ್ನು ಅಳಿಸಿ, ಸರ್ವರು ಆನ್ ಆದಾಗ ಅಪ್ಲಿಕೇಶನ್ನೂ ತಾನಾಗಿ ಶುರುವಾಗುವಂತೆ ಅದನ್ನೊಂದು 'ಸರ್ವಿಸ್' ಆಗಿ ಮಾಡಿದಳು. ಪುಟ ತೆರೆದು ನೋಡಿದಳು. ಒಂದು ಸಾಲು ಪಾಠ ಹಾಕಿದಳು. ಚುಕ್ಕಿ ಬಂತು. ಅಷ್ಟರಲ್ಲಿ ಪರೀಕ್ಷಾಧಿಕಾರಿ ಮೊಹರು ಹಾಕಿದ ಲಕೋಟೆ ಹಿಡಿದು ಬಂದರು, ಇವಳು ಹೊರಗೆ ಹೊರಟಳು.

ಹೊರಡಲೇಬೇಕಿತ್ತು. ಪತ್ರಿಕೆ ಒಳಗಿರುವಾಗ ಪರೀಕ್ಷೆ ಬರೆಯುವ ಮಕ್ಕಳ ಹೆತ್ತವರು, ಪಾಠ ಹೇಳಿದ ಮೇಷ್ಟ್ರುಗಳು ಯಾರೂ ಆ ಕಟ್ಟಡದಲ್ಲಿ ಇರಕೂಡದು ಎಂಬುದು ನಿಯಮ. ಅಧಿಕಾರಿಗೆ ಬ್ರೈಲ್ ಬರುವುದಿಲ್ಲ. ಅವರು ಪುಟ ಎಣಿಸಿ, ಸಾಲು ಎಣಿಸಿ, ಕಟ್ಟು ಕಟ್ಟಿ, ಮೊಹರೊತ್ತಿ, ಸಹಿ ಹಾಕುತ್ತಾರೆ. ಓದಬಲ್ಲವರು ಮುಟ್ಟುವ ಹಾಗಿಲ್ಲ, ಮುಟ್ಟಬಲ್ಲವರಿಗೆ ಓದಲು ಬರುವುದಿಲ್ಲ. ಗುಟ್ಟು ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರಿಗೂ ಹೊಳೆಯಲಿಕ್ಕಿಲ್ಲ.

ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದು ಕೂತಳು. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಚಿಂದಿಯ ಮೂಟೆ. ನಾನು ಕಿಟಕಿ ಪರದೆಗಳನ್ನು ಹೊಲಿಯುತ್ತಿದ್ದೆ. ಅಕ್ಕ ನನ್ನ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದಳು. ಕೈಮೇಲೆ ಒಂದು ಬಿಟ್ಟೆ. ಎದ್ದು ಅತ್ತಿಂದಿತ್ತ ಓಡಾಡಿದಳು. ಬಾಗಿಲಿಗೆ ಹೋದಳು, ಬೀದಿ ನೋಡಿದಳು, ಬಂದಳು. ಮತ್ತೆ ಹೋದಳು.

ಒಳಗಿನಿಂದ ಚೂಟಿ ಕೂಗಿದಳು. "ಅಮ್ಮ, ಒಂದ್ಕಡೆ ನಿಂತ್ಕೊಳ್ಳೇ! ನಿನ್ನ ಚಪ್ಪಲಿ ಸದ್ದಿಗೆ ನಂಗೆ ಭಿನ್ನರಾಶಿ ಮರ್ತುಹೋಗ್ತಿದೆ."

"ನಾನೆಲ್ಲಿ ಓಡಾಡ್ತಿದೀನಿ?" ಎನ್ನುತ್ತಾ ಅಕ್ಕ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡಿದಳು.

ಅದೇ ಹೊತ್ತಿಗೆ ಪರದೆಯ ಗಿರಾಕಿ ಫೋನು ಮಾಡಿದರು. ಇನ್ನೊಂದು ಕಿಟಕಿಗೂ ಬೇಕಂತೆ, ಇಲ್ಲಿಂದ ನೆಲದವರೆಗೆ ಬರಲಿ ಎಂದರು. ನನಗೆ ಇಂಥ ಅಳತೆ ಕೊಡುವವರನ್ನು ಕಂಡರೆ ಮೈ ಉರಿಯುತ್ತದೆ. "ಇಲ್ಲಿಂದ ಅಂದ್ರೆ ಎಲ್ಲಿಂದಮ್ಮ? ಕಂಬಿಯಿಂದ್ಲೋ, ಕಿಟಕಿಯಿಂದ್ಲೋ? ನೀವು ನಿಂತಿರೋ ಜಾಗ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದು ರೇಗಿದೆ.

ಫೋನಿಟ್ಟು ನೋಡಿದರೆ ಅಕ್ಕ ಕೋಣೆಯ ನಡುವೆ ನಿಂತುಬಿಟ್ಟಿದ್ದಳು.

"ಏನಾಯ್ತೇ?"

"ಬೆಳಿಗ್ಗೆ ನನ್ನ ಲಾಗಿನ್ನಿಂದ ಶುರು ಮಾಡ್ದಾಗ 'ಇಲ್ಲಿ' ಅಂದ್ರೆ ನನ್ನ ಫೋಲ್ಡರು. ಸರ್ವಿಸ್ ಆಗಿ ಶುರುವಾದ್ರೆ ಅದು ನಿಲ್ಲೋ ಜಾಗನೇ ಬೇರೆ ಕಣೇ. ಸಿಸ್ಟಮ್ ಫೋಲ್ಡರಲ್ಲಿ ನಿಲ್ಲುತ್ತೆ. ಅಲ್ಲಿಂದ ಹುಡುಕುತ್ತೆ."

"ಹುಡುಕಿ ಸಿಗದಿದ್ರೆ ಕೆಲಸ ಮಾಡ್ತಿರ್ಲಿಲ್ಲ. ನೀನೇ ನೋಡಿ ಬಂದಿದೀಯಲ್ಲ, ಚುಕ್ಕಿ ಬಂತಲ್ಲ?"

"ಅದೇ!" ಎಂದು ಅಕ್ಕ ತಲೆ ಚಚ್ಚಿಕೊಂಡಳು. "ಅಲ್ಲಿ ಮೊದ್ಲು ಪಾಠದ ಪುಸ್ತಕ ಒತ್ತೋಕೆ ಹಾಕಿದ್ದ ಹಳೇ ಲೈಬ್ರರಿ ಬಿದ್ದಿದೆ. ಹಳೇ ಕೋಷ್ಟಕನೂ ಇದೆ. ಅದನ್ನ ಎತ್ಕೊಂಡಿದೆ. ಅದಕ್ಕೆ ಪಾಠ ಬರುತ್ತೆ, ಲೆಕ್ಕ ಬರಲ್ಲ!"

ಮೊಬೈಲಿನಲ್ಲಿ ಆ ವೆಬ್ ಪುಟ ತೆರೆದಳು, ಹೊರಗಿನಿಂದ ತೆರೆಯುತ್ತಿದ್ದುದು ಅದೊಂದೇ. ಹೋದ ವರ್ಷದ ಪತ್ರಿಕೆ ಹಾಕಿದಳು. ತೆರೆಯ ಮೇಲೆ ಚುಕ್ಕಿಗಳ ಸಾಲು ಬಂತು. ನನಗೆ ಅದು ಎಳ್ಳು ಚೆಲ್ಲಿದ ಹಾಗೆ ಕಂಡಿತು, ಆದರೆ ಅಕ್ಕ ಮಗಳ ಜೊತೆ ಕಲಿತಿದ್ದಾಳೆ. ದೊಡ್ಡದು ಮಾಡಿ ಒಂದೊಂದೇ ಸಾಲು ನೋಡಿದಳು. ಅಂಕಿಗಳಿದ್ದವು. ಕೂಡುವ, ಕಳೆಯುವ, ಭಾಗಿಸುವ ಗುರುತುಗಳ ಜಾಗದಲ್ಲಿ ಬರೀ ಖಾಲಿ. ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ, ಕೆಂಪಕ್ಷರವೂ ಇಲ್ಲ. ಯಂತ್ರ ಈಗ ಅದೇ ಥರ ಹೊಸ ಪತ್ರಿಕೆಯನ್ನು ಒತ್ತುತ್ತಿತ್ತು. ಸಂಜೆಗೆ ವ್ಯಾನು ಬಂದು ಕಟ್ಟುಗಳನ್ನು ಒಯ್ಯುತ್ತಿತ್ತು.

ಅಧಿಕಾರಿಗೆ ಫೋನು ಮಾಡಿ ಪತ್ರಿಕೆ ತಪ್ಪಾಗಿದೆ ಎಂದರೆ ಅವರು ಕೇಳುವ ಮೊದಲ ಪ್ರಶ್ನೆ, ನಿಮಗೆ ಹೇಗೆ ಗೊತ್ತು? ಪರೀಕ್ಷೆ ಬರೆಯುವವಳ ತಾಯಿ ಪತ್ರಿಕೆ ನೋಡಿದ್ದಾಳೆ ಎಂಬ ಅನುಮಾನ ಬಂದರೆ ಚೂಟಿಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಇವಳು ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುವುದಿಲ್ಲವೇ? ನಾನು ಮೆಲ್ಲಗೆ ಹೇಳಿದೆ, "ಸರ್ವರ್ ಕೆಟ್ಟಿದೆ ಅನ್ನು, ಅಷ್ಟೇ. ಈ ಸಲಾನೂ ಓದೋರನ್ನೇ ಕೂರಿಸ್ಲಿ. ಚೂಟಿ ಚೆನ್ನಾಗಿ ಓದಿದಾಳೆ, ಹೆಂಗೋ ಬರೀತಾಳೆ."

"ನಾನು ಬರೆಯಲ್ಲ ಚಿಕ್ಕಮ್ಮ."

ಚೂಟಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಓದೋರು ಬಂದ್ರೆ ನಾನು ಹೋಗೋದೇ ಇಲ್ಲ," ಎಂದಳು. ದನಿ ಏರಿಸಲಿಲ್ಲ. ಅವಳು ಹಠ ಮಾಡುತ್ತಿರಲಿಲ್ಲ, ತಿಳಿಸುತ್ತಿದ್ದಳು. ಅಕ್ಕ ಚಪ್ಪಲಿ ಮೆಟ್ಟಿದಳು. ನಾನು ಸ್ಕೂಟರಿನ ಕೀಲಿ ಹುಡುಕಿದೆ. ನಮ್ಮ ಮನೆಯಲ್ಲಿ ಹುಡುಕುವ ಅಗತ್ಯವಿಲ್ಲ, ಆದರೂ ಗಾಬರಿಯಲ್ಲಿ ಹುಡುಕಿದೆ.

ಅಕ್ಕ ಹಿಂದೆ ಕೂತು ದಾರಿಯುದ್ದಕ್ಕೂ ನನ್ನ ಭುಜವನ್ನು ಹಿಂಡುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಇಳಿದು ಓಡಿಬಿಡುತ್ತಾಳೋ ಎನ್ನಿಸಿತು. ಮುದ್ರಣಾಲಯದ ಗೇಟಿನ ಮುಂದೆ ನಿಂತು ಅಧಿಕಾರಿಗೆ ಫೋನು ಮಾಡಿದಳು. ಅವರು ಬೆವರು ಒರೆಸುತ್ತಾ ಹೊರಬಂದರು. ಅವರ ಹಿಂದಿನ ಬಾಗಿಲಿನಿಂದ ಯಂತ್ರದ ಸದ್ದು ಬರುತ್ತಿರಲಿಲ್ಲ. ಒತ್ತಿ ಮುಗಿದಿತ್ತು.

"ನೀವು ಇಲ್ಲಿಗೆ ಬರಲೇಬಾರದು ಮೇಡಂ," ಎಂದರು ಗೇಟಿನ ಆಚೆಯಿಂದಲೇ.

"ಒಳಗೆ ಬರಲ್ಲ ಸಾರ್. ಒಳಗಿರೋ ಪೇಪರು ತಪ್ಪಾಗಿದೆ."

"ನಿಮಗೆ ಹೇಗೆ ಗೊತ್ತು?"

ಬಂತಲ್ಲ ಎಂದುಕೊಂಡೆ.

"ಸರ್ವರ್ ಕೂರಿಸಿದ್ದು ನಾನು ಸಾರ್. ದಾರಿ ತಪ್ಪಾಗಿ ಬರೆದಿದ್ದೂ ನಾನೇ. ಇವತ್ತಿನ ಪೇಪರ್ ನಾನು ನೋಡಿಲ್ಲ, ನೋಡೋದೂ ಬೇಡ. ಹೋದ ವರ್ಷದ್ದನ್ನ ಇನ್ನೊಂದ್ಸಲ ಒತ್ತಿಸಿ, ಮೇಷ್ಟ್ರ ಕೈಗೆ ಕೊಡಿ. ಹಳೇದನ್ನ ಅವರು ಮುಟ್ಟಬಹುದಲ್ಲ?"

"ಎಲ್ಲ ಎಣಿಸಿ ಸಹಿ ಹಾಕಿ ಆಗಿದೆ. ಮೊಹರು ಒಡೆಯೋದು ಅಂದ್ರೆ ಹುಡುಗಾಟ ಅಲ್ಲ."

"ನಾನು ಹೇಳಿದ್ದು ಸುಳ್ಳಾದ್ರೆ ನನ್ನ ಮಗಳನ್ನ ಕೂರಿಸಬೇಡಿ," ಎಂದುಬಿಟ್ಟಳು ಅಕ್ಕ. ನಾನು ಅವಳ ಸೊಂಟ ಚಿವುಟಿದೆ. ತಿರುಗಿಯೂ ನೋಡಲಿಲ್ಲ.

ಅವರು ಒಳಗೆ ಹೋಗಿ ಹೋದ ವರ್ಷದ ಪತ್ರಿಕೆ ಹಾಕಿದರು. ಯಂತ್ರ ಗಡಗಡಿಸಿತು. ಪಕ್ಕದ ಶಾಲೆಯಿಂದ ಮೇಷ್ಟ್ರನ್ನು ಕರೆಸಿದರು. ಅವರು ಕೋಲೂರಿಕೊಂಡು ಗೇಟಿನ ಬಳಿ ಬಂದು, ಅಧಿಕಾರಿ ಕೊಟ್ಟ ಹಾಳೆಯನ್ನು ಕಾಂಪೌಂಡ್ ಗೋಡೆಯ ಮೇಲೆ ಹರಡಿ ಬೆರಳು ಓಡಿಸಿದರು. ಅಕ್ಕ ಗೇಟಿನ ಸರಳನ್ನು ಹಿಡಿದುಕೊಂಡಿದ್ದಳು.

"ಇದ್ರಲ್ಲಿ ಲೆಕ್ಕಾನೇ ಇಲ್ವಲ್ರೀ," ಎಂದರು ಮೇಷ್ಟ್ರು. "ಬರೀ ಅಂಕಿಗಳು ಸಾಲಾಗಿ ಕೂತಿವೆ. ಒಂದಕ್ಕೊಂದು ಸಂಬಂಧಾನೇ ಇಲ್ಲ. ನಮ್ಮ ಮನೆ ನೆಂಟರಿದ್ದ ಹಾಗೆ."

"ನಾನು ಎಲ್ಲ ಎಣಿಸಿದ್ದೆ," ಎಂದು ಅಧಿಕಾರಿ ತಮ್ಮಷ್ಟಕ್ಕೆ ಹೇಳಿಕೊಂಡರು. ಕೆಟ್ಟವರಲ್ಲ ಪಾಪ. ವಾಚು ನೋಡಿಕೊಂಡರು. "ಸರಿಮಾಡೋಕೆ ಆಗುತ್ತಾ? ನಿಮ್ಮನ್ನ ಒಳಗೆ ಬಿಡೋಕೆ ಆಗಲ್ಲ."

"ನೀವೇ ಮಾಡಿ ಸಾರ್. ನಾನು ಇಲ್ಲಿಂದ ಹೇಳ್ತೀನಿ."

ಹೀಗೆ ನಮ್ಮಕ್ಕ ಬೀದಿಯಲ್ಲಿ ನಿಂತು ಫೋನಿನಲ್ಲಿ ಸರ್ವರು ರಿಪೇರಿ ಮಾಡಿದಳು. ನಿಂತು ಎಂದದ್ದು ಮಾತಿಗೆ. ಗೇಟಿನಿಂದ ಲೈಟು ಕಂಬಕ್ಕೆ, ಕಂಬದಿಂದ ಗೇಟಿಗೆ ಓಡಾಡುತ್ತಿದ್ದಳು. ಹೋಗಿಬರುವವರು ಯಾರೋ ಗಂಡನ ಜೊತೆ ಜಗಳವಾಡುತ್ತಿದ್ದಾಳೆ ಎಂದುಕೊಂಡು ದಾರಿ ಬಿಡುತ್ತಿದ್ದರು.

"ಮೊದಲು ಸಿಸ್ಟಮ್ ಫೋಲ್ಡರಲ್ಲಿರೋ ಹಳೇ ಲೈಬ್ರರಿ, ಕೋಷ್ಟಕ ಎರಡರ ಹೆಸರೂ ಬದಲಾಯಿಸಿ ಸಾರ್. ಹಾಂ. ಈಗ ಸರ್ವಿಸ್ ನಿಲ್ಲಿಸಿ, ಮತ್ತೆ ಶುರು ಮಾಡಿ. ಪುಟ ತೆಗೀರಿ."

ಕಿಟಕಿಯಿಂದಲೇ ಅವರ ಕೂಗು ಕೇಳಿಸಿತು. "ಕೆಂಪಕ್ಷರ ಬಂತು ಮೇಡಂ! ಲೈಬ್ರರಿ ಸಿಗಲಿಲ್ಲ ಅಂತಿದೆ!"

"ಬಂತಾ? ಸದ್ಯ!" ಎಂದು ಅಕ್ಕ ಬೀದಿಯಲ್ಲೇ ಕುಣಿದಳು.

"ಇದು ಒಳ್ಳೇದಾ?"

"ಸಿಗದೇ ಇದ್ದಾಗ ಸಿಗಲಿಲ್ಲ ಅನ್ನಬೇಕು ಸಾರ್. ಸಿಕ್ಕಿದ್ದನ್ನ ಎತ್ಕೊಂಡು ಬಾಯ್ಮುಚ್ಚಿಕೊಂಡಿದ್ರೆ ನಮಗೆ ಗೊತ್ತಾಗೋದು ಹೆಂಗೆ? ಈಗ ಎರಡು ಸಾಲು ಬದಲಾಯಿಸ್ಬೇಕು. ಪೂರ್ತಿ ವಿಳಾಸ ಬರೆಯೋಣ, ಡ್ರೈವಿನ ಹೆಸರಿಂದ. ಡಿ. ಆಮೇಲೆ ಮೇಲೊಂದು ಕೆಳಗೊಂದು ಚುಕ್ಕಿ. ಆಮೇಲೆ ಓರೆ ಗೀಟು."

"ಯಾವ ಕಡೆ ಓರೆ?"

"ತಲೆ ಎಡಕ್ಕೆ ವಾಲಿರೋದು."

"ಗೀಟಿಗೆ ತಲೆ ಯಾವುದು, ಕಾಲು ಯಾವುದು ಮೇಡಂ?"

"ಮೇಲಿರೋದು ತಲೆ ಸಾರ್! ನಿಮ್ಮ ದಮ್ಮಯ್ಯ, ಎಡಕ್ಕೆ!"

ಅಕ್ಷರಕ್ಷರವಾಗಿ ಹೇಳಿಸಿ, ಅಕ್ಷರಕ್ಷರವಾಗಿ ತಿರುಗಿ ಓದಿಸಿಕೊಂಡಳು. ಲೈಬ್ರರಿಗೊಂದು ದಾರಿ, ಕೋಷ್ಟಕಕ್ಕೊಂದು ದಾರಿ. ಒಂದರಲ್ಲೂ "ಇಲ್ಲಿಂದ" ಇರಲಿಲ್ಲ. ಮತ್ತೆ ನಿಲ್ಲಿಸಿ, ಮತ್ತೆ ಶುರು. ಆಗಲೇ ವ್ಯಾನು ಬಂದು ನಿಂತಿತು. ಡ್ರೈವರು ಹಾರನ್ ಹೊಡೆದ. ನಾನು ಹೋಗಿ ಅವನಿಗೆ ಎರಡು ಮಾತು ಬಿಟ್ಟೆ, ಸುಮ್ಮನಾದ. ಯಂತ್ರ ಗಡಗಡಿಸಿ ಹೋದ ವರ್ಷದ ಹಾಳೆಯನ್ನು ಇನ್ನೊಮ್ಮೆ ಹೊರಹಾಕಿತು.

ಮೇಷ್ಟ್ರು ಈ ಸಲ ಗೋಡೆಯ ಮೇಲೆ ಹರಡುವಷ್ಟು ತಾಳ್ಮೆಯೂ ಇಲ್ಲದೆ ಎದೆಗೊತ್ತಿಕೊಂಡೇ ಓದಿದರು. "ಕೂಡು. ಕಳೆ. ಇಲ್ಲಿ ಭಾಗಿಸು. ಭಿನ್ನರಾಶಿ, ಮೇಲಿಂದು ಮೇಲೆ, ಕೆಳಗಿಂದು ಕೆಳಗೆ." ಅಲ್ಲಿಗೆ ನಿಲ್ಲಿಸಿ ಅಕ್ಕನ ಕಡೆ ಮುಖ ತಿರುಗಿಸಿದರು. "ಸರಿಯಿದೆ ಕಣಮ್ಮ. ಇನ್ನು ಮನೆಗೆ ಹೋಗು. ನಿನ್ನ ಓಡಾಟಕ್ಕೆ ನಂಗೆ ತಲೆ ಸುತ್ತು ಬರ್ತಿದೆ."

ಅಧಿಕಾರಿ ಮೊಹರು ಒಡೆದರು. ಹಳೆಯ ಕಟ್ಟುಗಳನ್ನು ಹರಿದು ಮೂಟೆ ಕಟ್ಟಿಸಿದರು, ಹೊಸದನ್ನು ಒತ್ತಿಸಿದರು. ನಾವು ಹೊರಡುವಾಗ ಗೇಟಿಗೆ ಬಂದು, "ನಡೆದದ್ದನ್ನೆಲ್ಲ ನಾನು ಮೇಲಿನವರಿಗೆ ಹೇಳಲೇಬೇಕು," ಎಂದರು. ಆಮೇಲೆ, "ನೀವು ಗೇಟು ದಾಟಲಿಲ್ಲ ಅನ್ನೋದನ್ನೂ ಹೇಳ್ತೀನಿ," ಎಂದರು.

ಮರುದಿನ ಶಾಲೆಯ ಹೊರಗೆ ನಾವಿಬ್ಬರೂ ಕಾದೆವು. ನನ್ನ ಮಟ್ಟಿಗೆ ಹೇಳುವುದಾದರೆ, ಅಂಥ ಬೆಳಗು ಶತ್ರುವಿಗೂ ಬೇಡ. ಅಕ್ಕ ಮುಳ್ಳಿನ ಮೇಲಿದ್ದಳು. ಒಂದು ವೇಳೆ ಒಂದೇ ಒಂದು ಗುರುತು ಬಿಟ್ಟುಹೋಗಿದ್ದರೆ? ಅಧಿಕಾರಿ ಕೊನೆಯಲ್ಲಿ ಏನನ್ನಾದರೂ ಮುಟ್ಟಿದ್ದರೆ? ಹಳೆಯ ಕಟ್ಟೊಂದು ಹೊಸದರ ಜೊತೆ ಸೇರಿಹೋಗಿದ್ದರೆ? ಕೇಳಿದ್ದನ್ನೇ ಕೇಳಿ ನನ್ನ ಪ್ರಾಣ ತಿಂದಳು. "ಬಾಯಿ ಮುಚ್ಕೊಂಡು ಕೂತ್ಕೋ" ಎಂದರೆ ಕೂತು, ಕೂತಲ್ಲೇ ಪಾದ ಕುಣಿಸಿದಳು.

ಗಂಟೆ ಹೊಡೆಯಿತು. ಮಕ್ಕಳು ಒಬ್ಬೊಬ್ಬರಾಗಿ ಕೋಲು ತಟ್ಟುತ್ತಾ ಬಂದರು. ಕೊನೆಯಲ್ಲಿ ಚೂಟಿ. ಮುಖ ಬಾಡಿತ್ತು. ಅಕ್ಕ ಓಡಿಹೋಗಿ ಅವಳ ತೋಳು ಹಿಡಿದಳು.

"ಗುರುತೆಲ್ಲ ಇತ್ತಾ?"

"ಇತ್ತು."

"ಎಲ್ಲದ್ರಲ್ಲೂ?"

"ಎಲ್ಲದ್ರಲ್ಲೂ ಇತ್ತಮ್ಮ."

"ಮತ್ಯಾಕೆ ಮುಖ ಹಿಂಗಿದೆ?"

ಚೂಟಿ ಕೋಲನ್ನು ಕೈಯಿಂದ ಕೈಗೆ ಬದಲಾಯಿಸಿದಳು. "ಕೊನೇ ಎರಡು ಲೆಕ್ಕ ಬರ್ಲಿಲ್ಲ. ಎಷ್ಟು ಸಲ ಬೇಕೋ ಅಷ್ಟು ಸಲ ಓದ್ದೆ. ಯಾರೂ ಉಸ್ ಅನ್ಲಿಲ್ಲ. ಪ್ರಶ್ನೆ ಸರಿಯಾಗೇ ಇತ್ತು. ನಂಗೇ ಗೊತ್ತಿರ್ಲಿಲ್ಲ."

ಅಕ್ಕನ ಕೈ ಕಾಲು ಎರಡೂ ನಿಂತುಹೋದವು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಅವಳು ಅಲುಗಾಡದೆ ನಿಂತದ್ದು ಚೂಟಿಗೂ ಗೊತ್ತಾಗಿರಬೇಕು, ಅಮ್ಮನ ಮುಖ ತಡವಿ ನೋಡಿದಳು. ಬೆರಳು ಒದ್ದೆಯಾಯಿತು.

"ಅಳ್ತೀಯಾ? ಪಾಸಾಗ್ತೀನಿ ಬಿಡಮ್ಮ, ಉಳಿದಿದ್ದೆಲ್ಲ ಬರೆದಿದೀನಿ," ಎಂದಳು. ಆಮೇಲೆ ತಲೆ ಎತ್ತಿ, ಪಕ್ಕದಲ್ಲಿ ಹೋಗುತ್ತಿದ್ದವರಿಗೂ ಕೇಳಲಿ ಎಂಬಂತೆ ಹೇಳಿದಳು: "ಆ ಎರಡು ಮಾತ್ರ ಯಾರದ್ದೂ ತಪ್ಪಲ್ಲ. ಪೂರ್ತಿ ನಂದೇ."